ಸ್ಪಷ್ಟನೆ: ಬೀದಿಯಲ್ಲಿ ಕೂಗಿದರೆ ಏನೂ ಆಗಲ್ಲವೇ?

‘ಆರ್ಥಿಕ ನೀತಿ ತಜ್ಞರ ಕೆಲಸ, ಜನಸಂಘಟನೆಗಳು ಬೀದಿಯಲ್ಲಿ ಸುಮ್ನೆ ಕೂಗಾಡುತ್ತವೆ ಅಷ್ಟೇ’ ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ.

ಬಡ ದೇಶಗಳ ಸಾಲದ ವಿಷಯವನ್ನೇ ನೋಡಿ. ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಮತ್ತು ವಿಶ್ವಬ್ಯಾಂಕ್ 1996ರಲ್ಲೇ ಸಾಲ ಪರಿಹಾರ ಯೋಜನೆ ತಂದಿದ್ದವು. ಆದರೆ ಷರತ್ತು ಜಾಸ್ತಿ, ಸಿಗುವ ಪರಿಹಾರ ಕಮ್ಮಿ, ಕಾಯುವುದಂತೂ ವರ್ಷಗಟ್ಟಲೆ. 1998ರ ಮೇನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಎಂಟು ಪ್ರಬಲ ದೇಶಗಳ ಗುಂಪಾದ ಜಿ8ರ ನಾಯಕರು ಸೇರಿದಾಗ, ಬಡ ದೇಶಗಳ ಸಾಲ ಮನ್ನಾ ಮಾಡಿ ಎಂದು ಒತ್ತಾಯಿಸುತ್ತಿದ್ದ ‘ಜುಬಿಲಿ 2000’ ಚಳವಳಿಯ ಸುಮಾರು 70,000 ಜನ ಕೈ ಕೈ ಹಿಡಿದು ಸರಪಳಿ ಕಟ್ಟಿದರು. ಅದರಲ್ಲಿ ಚರ್ಚಿನವರಿದ್ದರು, ಕಾರ್ಮಿಕ ಸಂಘದವರಿದ್ದರು. ಮರುವರ್ಷ ಜರ್ಮನಿಯ ಕಲೋನ್‌ನಲ್ಲಿ ನಡೆದ ಜಿ8 ಸಭೆಯಲ್ಲಿ ಆ ಸಾಲ ಪರಿಹಾರ ಯೋಜನೆಯನ್ನು ಹಿಗ್ಗಿಸಲು ಒಪ್ಪಿಗೆ ಸಿಕ್ಕಿತು.

ಹಾಗಂತ ಸರಪಳಿ ಕಟ್ಟಿದವರೇ ಸಾಲ ಮನ್ನಾ ಮಾಡಿಸಿದರು ಅನ್ನುವುದೂ ಅತಿಯಾಯ್ತು. ಸಹಿ ಹಾಕಿದ್ದು ಸರ್ಕಾರಗಳೇ. ಆದರೆ ‘ಸಾಲ ತೀರಿಸೋದು ಹೇಗೆ’ ಎಂಬ ಪ್ರಶ್ನೆ ‘ಶಾಲೆ, ಆಸ್ಪತ್ರೆ ದುಡ್ಡಲ್ಲಿ ಯಾಕೆ ತೀರಿಸಬೇಕು’ ಎಂದು ಬದಲಾಯಿತಲ್ವಾ, ಅದರಲ್ಲಿ ಇವರ ಪಾಲು ದೊಡ್ಡದು.

ಆಮೇಲೆ ಸಾಲ ಪರಿಹಾರ ಬೇಕಾದ ದೇಶ ಬಡತನ ತಗ್ಗಿಸುವ ಯೋಜನೆ ಬರೆಯುವಾಗ ಜನಸಂಘಟನೆಗಳನ್ನೂ ಕೇಳಬೇಕೆಂಬ ನಿಯಮ ಬಂತು. ಎಷ್ಟೋ ಕಡೆ ಅದು ಕಾಟಾಚಾರಕ್ಕೆ ಕರೆದ ಸಭೆಯಾಯಿತು, ಅದು ಬೇರೆ ಮಾತು.