ಓದಿದ್ದರ ಲೆಕ್ಕ ಗ್ರಂಥಾಲಯದಲ್ಲಿ ಉಳಿಯಬೇಕೇ?

ಪುಸ್ತಕ ವಾಪಸು ಬಂದ ಮೇಲೂ ಅದನ್ನು ಯಾರು ಒಯ್ದಿದ್ದರು ಎಂಬ ದಾಖಲೆಯನ್ನು ಗ್ರಂಥಾಲಯದ ಕಂಪ್ಯೂಟರು ಇಟ್ಟುಕೊಳ್ಳಬಹುದೇ? ಕೊಡಗಿನ ಗ್ರಂಥಾಲಯಗಳನ್ನು ಮುಂದಿಟ್ಟುಕೊಂಡು ಎರಡು ವಾದಗಳು ಇಲ್ಲಿವೆ.

ಪರ: ಓದುಗರು ಯಾರೆಂದು ತಿಳಿಯದೆ ಪುಸ್ತಕ ತರಿಸುವುದು ಹೇಗೆ?

ಕೊಡಗಿನ ಯಾವುದಾದರೂ ಹಳ್ಳಿಯ ಗ್ರಂಥಾಲಯದ ಕಪಾಟಿನ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಈ ಪುಸ್ತಕಗಳನ್ನು ಆರಿಸಿದವರಿಗೆ ಇಲ್ಲಿ ಓದುವವರು ಯಾರೆಂದು ಗೊತ್ತಿರಲಿಲ್ಲ ಅನ್ನಿಸದೆ ಇರದು. ಸಗಟು ಖರೀದಿಯಲ್ಲಿ ಬೀದರಿಗೆ ಹೋದದ್ದೇ ಬಹುಮಟ್ಟಿಗೆ ಪೊನ್ನಂಪೇಟೆಗೂ ಬರುತ್ತದೆ. ಆದರೆ ಇಲ್ಲಿ ಒಂದು ಮನೆಯಲ್ಲಿ ಕೊಡವ ತಕ್ಕ್, ಆಚೆ ಮನೆಯಲ್ಲಿ ಅರೆಭಾಷೆ, ಪೇಟೆಯ ಅಂಗಡಿಯಲ್ಲಿ ಮಲಯಾಳ, ತೋಟದ ಕೆಲಸಗಾರರು ಇರುವ ಲೈನ್ ಮನೆಗಳಲ್ಲಿ ತಮಿಳು, ಯರವ ಭಾಷೆ, ಈಚೆಗೆ ಅಸ್ಸಾಂ ಕಡೆಯಿಂದ ಬಂದವರ ನುಡಿ. ಇವರಲ್ಲಿ ಯಾರು ಏನು ಹುಡುಕಿಕೊಂಡು ಬಂದು ಬರಿಗೈಯಲ್ಲಿ ಹೋದರು ಎಂದು ಕೇಳಿದರೆ ಉತ್ತರ ಹೇಳುವ ದಾಖಲೆ ಎಲ್ಲಿದೆ?

ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದ ಗ್ರಂಥಾಲಯ ತಜ್ಞ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಕೊಟ್ಟರು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದು ಎರಡನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದು ಮೂರನೆಯದು. ಇವರಿಬ್ಬರನ್ನು ಕೂಡಿಸಬೇಕಾದವರಿಗೆ ಇಬ್ಬರ ಪರಿಚಯವೂ ಇರಬೇಕಲ್ಲ? ಒಳ್ಳೆಯ ಮೇಲ್ವಿಚಾರಕರು ಇದನ್ನು ಹಿಂದಿನಿಂದಲೂ ತಲೆಯಲ್ಲೇ ಇಟ್ಟುಕೊಂಡವರು. ‘ನೀವು ಹೋದ ಸಲ ಒಯ್ದಿರಲ್ಲ, ಅದರ ಎರಡನೇ ಭಾಗ ಬಂದಿದೆ’ ಎಂದು ಕರೆದು ಕೊಡುತ್ತಿದ್ದರು. ಅವರು ನಿವೃತ್ತರಾದ ದಿನ ಆ ತಿಳಿವಳಿಕೆಯೂ ಅವರ ಜೊತೆ ಮನೆಗೆ ಹೋಯಿತು. ಕಂಪ್ಯೂಟರಿಗೆ ಈಗ ನಾವು ಕೇಳುತ್ತಿರುವುದು ಆ ಕೆಲಸವನ್ನೇ.

ಹಣದ ಮಾತೂ ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ನಾವು ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವೆ. 2019ರಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ‘ಅರಿವು ಕೇಂದ್ರ’ ಎಂದು ಹೊಸ ಹೆಸರೂ ಬಂತು. ಪಂಚಾಯಿತಿ ಸಭೆಯಲ್ಲಿ ‘ಅಲ್ಲಿ ಯಾರು ಓದ್ತಾರೆ?’ ಎಂದು ಒಬ್ಬ ಸದಸ್ಯರು ಕೇಳಿದರೆ ಮೇಲ್ವಿಚಾರಕರ ಕೈಯಲ್ಲಿ ಏನಾದರೂ ಇರಬೇಕು. ಬರೀ ಒಟ್ಟು ಸಂಖ್ಯೆ ಸಾಲದು. ಒಂದು ಪುಸ್ತಕ 40 ಸಲ ಹೊರಗೆ ಹೋಗಿದೆ ಎಂದರೆ ಅದನ್ನು 40 ಜನ ಓದಿದರೋ, ಸ್ಪರ್ಧಾತ್ಮಕ ಪರೀಕ್ಷೆಗೆ ಕೂತ ನಾಲ್ಕು ಹುಡುಗರು ಸರದಿಯಲ್ಲಿ ಒಯ್ದರೋ? ಇನ್ನೊಂದು ಪ್ರತಿ ತರಿಸಬೇಕೇ ಬೇಡವೇ ಎಂಬುದು ಅದರ ಮೇಲೆ ನಿಂತಿದೆ.

ಮಳೆಗಾಲವನ್ನೂ ಮರೆಯುವಂತಿಲ್ಲ. ಜುಲೈ ಆಗಸ್ಟಿನಲ್ಲಿ ಭಾಗಮಂಡಲದ ಕಡೆಯವರು ಬಸ್ಸು ಹಿಡಿದು ಮಡಿಕೇರಿಗೆ ಬಂದು, ಬೇಕಾದ ಪುಸ್ತಕ ಇಲ್ಲವೆಂದು ತಿಳಿದು ಹಿಂದಿರುಗುವುದು ಸಣ್ಣ ಕಷ್ಟವಲ್ಲ. ಅವರು ಏನು ಓದುತ್ತಾರೆಂದು ಗೊತ್ತಿದ್ದರೆ ಫೋನಿನಲ್ಲೇ ಹೇಳಬಹುದು, ತೆಗೆದಿಡಬಹುದು. ಗುಟ್ಟು ಕಾಯುವುದಕ್ಕೆ ಪಾಸ್‌ವರ್ಡ್ ಇದೆ, ಒಪ್ಪಿಗೆ ಪತ್ರ ಇದೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳು ಒತ್ತುವ ನಾವು ಗ್ರಂಥಾಲಯದ ಬಾಗಿಲಲ್ಲಿ ಮಾತ್ರ ಯಾಕೆ ಹೆದರಬೇಕು?

ವಿರೋಧ: ಪುಸ್ತಕದ ಲೆಕ್ಕ ಇರಲಿ, ಹೆಸರು ಬೇಡ

ಹೆಬ್ಬೆರಳು ಒತ್ತಿದಾಗ ನ್ಯಾಯಬೆಲೆ ಅಂಗಡಿಗೆ ತಿಳಿಯುವುದು ಎಷ್ಟು ಕೆ.ಜಿ. ಅಕ್ಕಿ ಒಯ್ದೆವು ಎಂಬುದಷ್ಟೆ. ಒಯ್ದ ಪುಸ್ತಕ ಹಾಗಲ್ಲ, ತಲೆಯೊಳಗೆ ಏನು ಓಡುತ್ತಿದೆ ಎಂಬುದನ್ನೇ ಹೇಳಿಬಿಡುತ್ತದೆ.

ಬ್ರೌನ್ ಪದ್ಧತಿಯಲ್ಲಿ ಪುಸ್ತಕ ತಂದವರಿಗೆ ಇದು ನೆನಪಿದ್ದೀತು. ಸದಸ್ಯರಿಗೆ ಜೇಬಿನಂಥ ಟಿಕೆಟ್ ಇರುತ್ತಿತ್ತು. ಪುಸ್ತಕದ ಕಾರ್ಡನ್ನು ಅದರೊಳಗೆ ತೂರಿಸಿ, ಹಿಂದಿರುಗಿಸಬೇಕಾದ ತಾರೀಖಿನ ಪ್ರಕಾರ ಟ್ರೇನಲ್ಲಿ ನಿಲ್ಲಿಸುತ್ತಿದ್ದರು. ಪುಸ್ತಕ ಬಂದೊಡನೆ ಕಾರ್ಡು ಪುಸ್ತಕಕ್ಕೆ, ಟಿಕೆಟ್ಟು ಓದುಗರಿಗೆ. ಅಲ್ಲಿಗೆ ಸಂಬಂಧ ಮುಗಿಯಿತು. ಯಾರು ಏನು ಓದಿದರೆಂದು ಆಮೇಲೆ ಯಾರು ಕೇಳಿದರೂ ತೋರಿಸಲು ಏನೂ ಉಳಿಯುತ್ತಿರಲಿಲ್ಲ. ಸಹಿ ಹಾಕಿಸುವ ರಿಜಿಸ್ಟರ್‌ಗಳೂ ಇದ್ದವು ನಿಜ. ಆದರೆ ಒಬ್ಬರ ಓದಿನ ಚರಿತ್ರೆ ಬೇಕೆಂದರೆ ಬೂಷ್ಟು ಹಿಡಿದ ಹಾಳೆಗಳನ್ನು ದಿನವಿಡೀ ತಿರುವಬೇಕಿತ್ತು. ಕಂಪ್ಯೂಟರು ಅದನ್ನು ಒಂದು ಒತ್ತಿನಲ್ಲಿ ಕೊಡುತ್ತದೆ. ಹೊಸತನದಿಂದ ಆದ ನಿಜವಾದ ಬದಲಾವಣೆ ಇದು.

2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ರಾಜ್ಯದಲ್ಲೇ ಅತಿ ಕಡಿಮೆ ಜನರಿರುವ ಜಿಲ್ಲೆ ಇದು. ಇಲ್ಲಿ ಮನೆಹೆಸರು ಹೇಳಿದರೆ ಸಾಕು, ಒಕ್ಕ (ಮನೆತನ) ಯಾವುದು, ತೋಟ ಎಲ್ಲಿ, ಹೆಣ್ಣು ಕೊಟ್ಟದ್ದು ಎಲ್ಲಿಗೆ ಎಂಬುದೆಲ್ಲ ತಾನೇ ಬಿಚ್ಚಿಕೊಳ್ಳುತ್ತದೆ. ‘ಇಂಥವರ ಮನೆ ಸೊಸೆ ವಿಚ್ಛೇದನ ಕಾನೂನಿನ ಪುಸ್ತಕ ತಗೊಂಡಿದ್ದಾಳಂತೆ’ ಎಂಬ ಮಾತು ಗೋಣಿಕೊಪ್ಪದ ಸಂತೆ ದಾಟಲು ಎಷ್ಟು ಹೊತ್ತು ಬೇಕು? ಕುಡಿತ ಬಿಡುವ ದಾರಿ ಹುಡುಕುವವರು, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ತಕರಾರಿನಲ್ಲಿ ಅಣ್ಣನಿಗೆ ತಿಳಿಯದಂತೆ ಭೂಕಾನೂನು ಓದುವ ತಮ್ಮ, ಹೀಗೆ ಎಷ್ಟೋ ಜನ.

ನನ್ನ ಮನಸ್ಸನ್ನು ಹೆಚ್ಚು ಕಾಡುವವರು ಲೈನ್ ಮನೆಯವರು. ತೋಟದ ಕೆಲಸಗಾರ್ತಿಯ ಮಗಳೊಬ್ಬಳು ತೋಟ ಕಾರ್ಮಿಕರ ಹಕ್ಕುಗಳ ಬಗ್ಗೆಯೋ ಕನಿಷ್ಠ ಕೂಲಿಯ ಬಗ್ಗೆಯೋ ಪುಸ್ತಕ ಒಯ್ದಳು ಎನ್ನಿ. ಗ್ರಂಥಾಲಯ ಪಂಚಾಯಿತಿಯದು, ತೋಟದ ಯಜಮಾನರು ಅದೇ ಪಂಚಾಯಿತಿಯ ಸದಸ್ಯರಾಗಿರುವುದು ನಮ್ಮಲ್ಲಿ ಅಪರೂಪವೇನಲ್ಲ. ಅವರು ಬಂದು ‘ತಂಗೀ, ಆ ಲಿಸ್ಟ್ ಒಮ್ಮೆ ತೆಗಿ ನೋಡುವ’ ಎಂದರೆ ಪಂಚಾಯಿತಿಯ ಕೈಕೆಳಗೆ ಕೂತಿರುವ ಮೇಲ್ವಿಚಾರಕಿ ಯಾವ ಪಾಸ್‌ವರ್ಡ್ ಹಿಡಿದು ‘ಆಗಲ್ಲ ಸಾರ್’ ಅನ್ನಬೇಕು? ಇದು ಒಮ್ಮೆ ಆದೀತೆಂಬ ಅನುಮಾನ ಬಂದರೂ ಸಾಕು, ಆ ಹುಡುಗಿ ಆ ಪುಸ್ತಕ ಮುಟ್ಟುವುದಿಲ್ಲ. ಅವಳು ಮುಟ್ಟಲಿಲ್ಲ ಎಂಬುದು ಯಾವ ಅಂಕಿಅಂಶದಲ್ಲೂ ಕಾಣುವುದಿಲ್ಲ. ಓದುಗರನ್ನು ಅರಿಯಲು ದಾಖಲೆ ಬೇಕು ಎನ್ನುವವರಿಗೆ ಸಿಗುವುದು ಹೆದರದೆ ಓದಿದವರ ಪಟ್ಟಿ ಮಾತ್ರ.

ಕಾನೂನು ಕಾಪಾಡುತ್ತದೆಯೇ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಸಾಮಾನ್ಯ ನಿಯಮದಂತೆ 18 ತುಂಬದವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕು, ಅವರ ವರ್ತನೆಯ ಜಾಡು ಹಿಡಿಯುವಂತಿಲ್ಲ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಹಳ್ಳಿ ಗ್ರಂಥಾಲಯಗಳ ಸದಸ್ಯರಾದ ಮಕ್ಕಳನ್ನು ನೆನೆದರೆ ಇದು ಸಣ್ಣ ವಿಷಯವಲ್ಲ. ಆದರೆ ಅದೇ ಕಾಯ್ದೆ ಸರ್ಕಾರಕ್ಕೆ ವಿನಾಯಿತಿಗಳನ್ನೂ ಇಟ್ಟಿದೆ. ಹಾಗಾಗಿ ಕಾನೂನನ್ನು ನಂಬಿ ಸಂಗ್ರಹಿಸುವುದಕ್ಕಿಂತ ಸಂಗ್ರಹಿಸದೆ ಇರುವುದೇ ಗಟ್ಟಿ. 2001ರಲ್ಲಿ ಅಮೆರಿಕದ ಪೇಟ್ರಿಯಟ್ ಕಾಯ್ದೆ ಗ್ರಂಥಾಲಯದ ದಾಖಲೆಗಳನ್ನೂ ಕೇಳುವ ಅಧಿಕಾರವನ್ನು ತನಿಖಾ ಸಂಸ್ಥೆಗೆ ಕೊಟ್ಟಾಗ, ಅಲ್ಲಿನ ಕೆಲವು ಗ್ರಂಥಾಲಯಗಳು ಹುಡುಕಿದ್ದು ಇದೇ ಉಪಾಯವನ್ನು: ಬೇಡದ ದಾಖಲೆ ಅಳಿಸಿಬಿಟ್ಟವು.

ಇದಕ್ಕೆ ತಂತ್ರಜ್ಞಾನ ಬಿಡಬೇಕಾಗಿಲ್ಲ. ನ್ಯೂಜಿಲೆಂಡಿನ ಗ್ರಂಥಾಲಯವೊಂದಕ್ಕಾಗಿ ಹುಟ್ಟಿ, ಈಗ ಉಚಿತವಾಗಿ ಸಿಗುವ ‘ಕೋಹಾ’ ತಂತ್ರಾಂಶದಲ್ಲಿ ಪುಸ್ತಕ ಮರಳಿದೊಡನೆ ಓದುಗರ ಹೆಸರನ್ನು ಕಳಚುವ ವ್ಯವಸ್ಥೆ ಇದೆ. ತಮ್ಮ ಪಟ್ಟಿ ಉಳಿಯಲಿ ಎನ್ನುವವರಿಗೆ ಉಳಿಸಿಕೊಳ್ಳುವ ಆಯ್ಕೆಯೂ ಇದೆ. ಬೇಕಾದ ಪುಸ್ತಕವನ್ನು ಫೋನಿನಲ್ಲಿ ಕೇಳಿ ಕಾಯ್ದಿರಿಸುವುದಕ್ಕೆ ಹಿಂದೆಲ್ಲ ಏನು ಓದಿದಿರಿ ಎಂಬ ಚರಿತ್ರೆ ಬೇಡ. ಯಾವ ಊರಲ್ಲಿ, ಯಾವ ಭಾಷೆಯ, ಯಾವ ಪುಸ್ತಕ, ಎಷ್ಟು ಸಲ, ಎಷ್ಟು ಬೇರೆಬೇರೆ ಜನರ ಕೈಗೆ ಹೋಯಿತು ಎಂಬುದನ್ನು ಎಣಿಸಿಕೊಂಡ ಮೇಲೆ ಹೆಸರನ್ನು ಅಳಿಸಲು ಏನಡ್ಡಿ? ಮಲಯಾಳ ಪುಸ್ತಕ ಬೇಕೆಂದು ಬೆಂಗಳೂರಿಗೆ ಬರೆಯಲು ಅಷ್ಟು ಸಾಕು. ಸಿಗದ ಪುಸ್ತಕಗಳಿಗೆ ಮೇಜಿನ ಮೇಲೆ ಹೆಸರು ಕೇಳದ ಬೇಡಿಕೆ ಪುಸ್ತಕವೊಂದನ್ನು ಇಡಬಹುದು. ಅದಕ್ಕೆ ವಿದ್ಯುತ್ತೂ ಬೇಡ, ನೆಟ್‌ವರ್ಕೂ ಬೇಡ. ಪುಸ್ತಕ ಒಯ್ದು ವಾಪಸು ತರದೆ ಸತಾಯಿಸುವವರ ಹೆಸರು ಮಾತ್ರ ಇರಲಿ, ಪುಸ್ತಕ ಬಂದು ದಂಡ ಕಟ್ಟುವವರೆಗೂ ಇರಲಿ.