ಡಬ್ಬಿಯ ಹಿಂದಿನ 234

ಕಳೆದ ವಾರ ಅತ್ತಿಗೆಯ ಜೊತೆ ಅಂಗಡಿಗೆ ಹೋಗಿದ್ದೆ. ಚೀಸ್ ಸ್ಪ್ರೆಡ್ ಡಬ್ಬಿಯನ್ನು ತಿರುಗಿಸಿ ಸಣ್ಣಕ್ಷರಗಳನ್ನು ಓದಿದವರು, "ಸಂರಕ್ಷಕ 234 ಅಂತೆ. ಯಾವ ವಿಷವೋ ಏನೋ, ಬೇಡಪ್ಪಾ" ಎಂದು ಅದನ್ನು ಇದ್ದಲ್ಲೇ ಇಟ್ಟುಬಿಟ್ಟರು. ಮಧ್ಯಾಹ್ನ ಗಟ್ಟಿ ಮೊಸರು ಬಡಿಸುತ್ತ, "ಹೊಟ್ಟೆಗೆ ಇದಕ್ಕಿಂತ ಔಷಧಿ ಇಲ್ಲ" ಎಂದರು. ಆಗ ಸುಮ್ಮನೆ ಉಂಡೆ. ಈಗ ಇಲ್ಲಿ ಬರೆಯುತ್ತಿದ್ದೇನೆ.

ಆ 234 ಎಂದರೆ ನೈಸಿನ್. ಹಾಲನ್ನು ಹುಳಿ ಮಾಡುವ ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳು ನೆರೆಹೊರೆಯವರನ್ನು ಕೊಲ್ಲಲು ತಾವೇ ತಯಾರಿಸಿಕೊಳ್ಳುವ ಅಸ್ತ್ರ ಅದು. 34 ಅಮೈನೋ ಆಮ್ಲಗಳ ಒಂದು ಪುಟ್ಟ ಸರಪಳಿ. ಮನುಷ್ಯನಿಗೆ ಅದು ಮೊದಲು ಪರಿಚಯವಾದದ್ದೇ ಉಪದ್ರವವಾಗಿ. ಹಾಲಿನ ಒಂದು ಬ್ಯಾಕ್ಟೀರಿಯಾ ಇನ್ನೊಂದನ್ನು ಬೆಳೆಯಗೊಡುವುದಿಲ್ಲ ಎಂದು 1928ರಲ್ಲಿ ಅಮೆರಿಕದಲ್ಲಿ ಗುರುತಿಸಿದ್ದರು. 1933ರಲ್ಲಿ ನ್ಯೂಜಿಲೆಂಡಿನ ಚೀಸ್ ಹಾಲಿನಲ್ಲೂ ಅದೇ ಗೋಳು ವರದಿಯಾಯಿತು: ಹೆಪ್ಪು ಹಾಕಿದರೂ ಹುಳಿ ಏರುತ್ತಿರಲಿಲ್ಲ. 1947ರಲ್ಲಿ ಅದಕ್ಕೆ ನೈಸಿನ್ ಎಂಬ ಹೆಸರು ಬಿತ್ತು. ಚೀಸಿನವರ ಶತ್ರುವೇ ಆಮೇಲೆ ಚೀಸಿನ ಕಾವಲಿಗೆ ನಿಂತಿತು.

ಅದು ಕೊಲ್ಲುವ ಬಗೆ ನೋಡಿ. ಬ್ಯಾಕ್ಟೀರಿಯಾ ತನ್ನ ಹೊರಗೋಡೆ ಕಟ್ಟಿಕೊಳ್ಳಲು ಇಟ್ಟಿಗೆ ಹೊರುವ ಆಳೊಂದನ್ನು ಇಟ್ಟುಕೊಂಡಿರುತ್ತದೆ. ಆ ಅಣುವಿನ ಹೆಸರು ಲಿಪಿಡ್-2. ನೈಸಿನ್ ಆ ಆಳನ್ನೇ ಅಪ್ಪಿ ಹಿಡಿಯುತ್ತದೆ. ಗೋಡೆಯ ಕೆಲಸ ನಿಂತಿತು. ಸಾಲದೆಂದು ಅದನ್ನೇ ಆಸರೆ ಮಾಡಿಕೊಂಡು ಪೊರೆಯಲ್ಲಿ ತೂತು ಕೊರೆಯುತ್ತದೆ, ಒಳಗಿನದೆಲ್ಲ ಸೋರಿಹೋಗುತ್ತದೆ. ತಯಾರಿಸಿದ ಬ್ಯಾಕ್ಟೀರಿಯಾ ಮಾತ್ರ ತನ್ನದೇ ವಿಷಕ್ಕೆ ಬಲಿಯಾಗದಂತೆ ರಕ್ಷಣೆಯ ಪ್ರೋಟೀನುಗಳನ್ನು ಮೊದಲೇ ಇಟ್ಟುಕೊಂಡಿರುತ್ತದೆ. ನಾವು ತಿಂದ ನೈಸಿನ್ ಏನಾಗುತ್ತದೆ? ಅದೂ ಪ್ರೋಟೀನಿನ ಜಾತಿಯದೇ ಆದ್ದರಿಂದ ಕರುಳಿನ ಕಿಣ್ವಗಳು ಅದನ್ನು ಕತ್ತರಿಸಿ ಅರಗಿಸಿಬಿಡುತ್ತವೆ.

ಹಾಗೆಂದು ಅತ್ತಿಗೆಯ ಮೊಸರಿನಲ್ಲಿ ನೈಸಿನ್ ಇದ್ದೇ ಇದೆ ಎಂದು ನಾನು ಹೇಳುತ್ತಿಲ್ಲ. ಎಲ್ಲ ತಳಿಗಳಿಗೂ ಆ ವಿದ್ಯೆ ಬರುವುದಿಲ್ಲ. ಮನೆಯ ಮೊಸರಿನ ಮುಖ್ಯ ಆಯುಧ ಲ್ಯಾಕ್ಟಿಕ್ ಆಮ್ಲ, ಅಂದರೆ ಬರಿಯ ಹುಳಿ.

ಇನ್ನು ಪ್ರೋಬಯಾಟಿಕ್, ಅಂದರೆ ಹೊಟ್ಟೆಗೆ ಒಳ್ಳೆಯದೆಂದು ಮಾರುವ ಜೀವಂತ ಬ್ಯಾಕ್ಟೀರಿಯಾಗಳ ಬಾಟಲಿ ಹಿಡಿದು ಎಲ್ಲ ರೋಗಾಣುಗಳನ್ನೂ ಓಡಿಸುತ್ತೇವೆ ಎನ್ನುವ ಜಾಹೀರಾತುಗಳು. ಇವನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆಹಾರದ ಮೂಲಕ ಕಾಯಿಲೆ ತರುವ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾವನ್ನು ನೈಸಿನ್ ಕೊಲ್ಲುತ್ತದೆ, ನಿಜ. ಆದರೆ ಸಾಲ್ಮೊನೆಲ್ಲಾ, ಇ. ಕೋಲಿಗಳಿಗೆ ಇನ್ನೊಂದು ಹೊರಪೊರೆ ಇದೆ. ಅಲ್ಲಿ ಇದರ ಆಟ ಅಷ್ಟಾಗಿ ನಡೆಯುವುದಿಲ್ಲ. ಹೊಟ್ಟೆಯೊಳಗೆ ಇಂಥ ಕಾಳಗ ನಿಜಕ್ಕೂ ನಡೆಯುತ್ತದೆಯೇ ಎಂಬುದಕ್ಕೆ ಒಳ್ಳೆಯ ಸಾಕ್ಷಿ 2007ರಲ್ಲಿ ಐರ್ಲೆಂಡಿನ ಕಾರ್ಕ್ ನಗರದಿಂದ ಬಂತು. ಲ್ಯಾಕ್ಟೋಬ್ಯಾಸಿಲಸ್ ಸಲೈವೇರಿಯಸ್ ಎಂಬ ಬ್ಯಾಕ್ಟೀರಿಯಾದ ಒಂದು ತಳಿ ಇಲಿಗಳನ್ನು ಲಿಸ್ಟೀರಿಯಾದಿಂದ ಕಾಪಾಡಿತು. ನೈಸಿನ್‌ನಂಥ ತನ್ನ ಅಸ್ತ್ರವನ್ನು ತಯಾರಿಸಲಾರದಂತೆ ಅದನ್ನು ಬದಲಿಸಿದಾಗ ಕಾಪಾಡಲಿಲ್ಲ. ಚೊಕ್ಕ ಪ್ರಯೋಗ. ಆದರೆ ಅದು ಒಂದು ತಳಿ, ಒಂದು ರೋಗಾಣು, ಅದೂ ಇಲಿಯ ಹೊಟ್ಟೆ. ಬಾಟಲಿಯ ಮೇಲೆ ತಳಿಯ ಹೆಸರನ್ನೇ ಬರೆಯದವರು ಯಾವ ಧೈರ್ಯದಲ್ಲಿ ಎಲ್ಲರ ಹೊಟ್ಟೆಗೂ ಭರವಸೆ ಕೊಡುತ್ತಾರೋ!

ನಿನ್ನೆ ಅತ್ತಿಗೆಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿ, "ಹಾಗಾದರೆ ಆ ಡಬ್ಬಿಗೆ ಬೂಷ್ಟು ಹಿಡಿಯುವುದಿಲ್ಲವೋ?" ಎಂದರು. ಹಿಡಿಯುತ್ತದೆ, ನೈಸಿನ್‌ಗೆ ಬೂಷ್ಟಿನ ಗೊಡವೆಯೇ ಇಲ್ಲ ಎಂದೆ. "ಮತ್ತೇನು ಉಪಯೋಗ ಅದರಿಂದ?" ಎನ್ನುತ್ತ ಹಾಲಿಗೆ ಹೆಪ್ಪು ಹಾಕಲು ಎದ್ದು ಹೋದರು.