ಅನುಭವ ಮಂಟಪ, ತುಮಕೂರು ಶಾಖೆ

ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದಲ್ಲಿದ್ದ ಅನುಭವ ಮಂಟಪಕ್ಕೆ ತುಮಕೂರಿನಲ್ಲಿ ಈಗ ಬೀದಿಗೊಂದು ಶಾಖೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿನಲ್ಲಿ ಒಂದು, ಎಸ್.ಎಸ್. ಪುರಂನ ವಾಕಿಂಗ್ ಬಳಗದಲ್ಲಿ ಒಂದು, ಬೆಳಗಿನ ಬೆಂಗಳೂರು ರೈಲಿನ ಬಾಗಿಲ ಹತ್ತಿರ ಇನ್ನೊಂದು. ಗೋಷ್ಠಿಯ ವಿಷಯ ಎಲ್ಲ ಕಡೆ ಒಂದೇ: ಬಿಇ ಮುಗಿಸಿದ ಹುಡುಗ ಫಾರಿನ್ನಿಗೆ ಎಂಎಸ್ ಮಾಡಲು ನೇರ ಹೋಗಬೇಕೋ, ಎರಡು ವರ್ಷ ಕೆಲಸದ ಅನುಭವ ಗಳಿಸಿ ಹೋಗಬೇಕೋ? ಕಲ್ಯಾಣದ ಶರಣರಿಗೆ ಅನುಭವವಿತ್ತು. ಇಲ್ಲಿ ಮಾತಾಡುವವರಲ್ಲಿ ಅರ್ಧ ಜನಕ್ಕೆ ಪಾಸ್‌ಪೋರ್ಟೂ ಇಲ್ಲ.

ತೀರ್ಪು ಮಾತ್ರ ಎರಡನೇ ಇಡ್ಲಿಗೆ ಮುಂಚೆಯೇ ಬಂದಿರುತ್ತದೆ. "ಈಗ್ಲೇ ಕಳ್ಸಿ ಭಾವ, ಕೈಗೆ ಸಂಬಳ ಹತ್ತಿದ್ರೆ ಮತ್ತೆ ಪುಸ್ತಕ ಮುಟ್ಟಲ್ಲ" ಎಂದು ಹುಡುಗನ ಸೋದರಮಾವ. "ಎಕ್ಸ್‌ಪೀರಿಯನ್ಸ್ ಇಲ್ದೆ ಅಲ್ಲಿ ಯಾರು ಸೇರಿಸ್ಕೊಳ್ತಾರ್ರೀ?" ಎಂದು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಮೇಷ್ಟ್ರು ಹೇಳುತ್ತಿರುವುದು ಎಂಬಿಎ ಸಂಗತಿ. ಅಮೆರಿಕದ ದೊಡ್ಡ ಬಿಸಿನೆಸ್ ಸ್ಕೂಲುಗಳಲ್ಲಿ ನಾಲ್ಕೈದು ವರ್ಷ ದುಡಿದು ಬಂದವರೇ ಹೆಚ್ಚು. ಕಂಪ್ಯೂಟರ್ ಸೈನ್ಸ್ ಎಂಎಸ್‌ಗೆ ಸಾಮಾನ್ಯವಾಗಿ ಆ ಷರತ್ತಿಲ್ಲ. ಅಲ್ಲಿ ನೋಡುವುದು ಅಂಕ, ಪ್ರಾಜೆಕ್ಟು, ಯಾಕೆ ಓದಬೇಕೆಂದು ತಾನೇ ಬರೆದುಕೊಡುವ ಎಸ್‌ಒಪಿ, ಶಿಫಾರಸು ಪತ್ರ. ಇದನ್ನು ಬಿಡಿಸಿ ಹೇಳಲು ಹೋದರೆ "ಎರಡೂ ಮಾಸ್ಟರ್ಸೇ ಅಲ್ವೇನಪ್ಪ" ಎನ್ನುತ್ತಾ ಮೇಷ್ಟ್ರು ಚಟ್ನಿ ಹಾಕಿಸಿಕೊಳ್ಳುತ್ತಾರೆ. ಹುಡುಗಿಯ ವಿಷಯವಾದರೆ ಗೋಷ್ಠಿ ಇಷ್ಟು ದೂರ ಬರುವುದೇ ಇಲ್ಲ. ಓದು ಮೊದಲೋ ಮದುವೆ ಮೊದಲೋ ಎಂಬಲ್ಲೇ ಕಾಫಿ ಮುಗಿದಿರುತ್ತದೆ.

ಹುಡುಗರನ್ನು ಫಾರಿನ್ ಓದಿಗೆ ಕಳಿಸುವ ಕನ್ಸಲ್ಟೆನ್ಸಿಯವರಿಗೆ ಇಂಥ ಗೊಂದಲವೇ ಇಲ್ಲ. ಬೋರ್ಡಿನಲ್ಲೇ ಇರುತ್ತದೆ: ಅನುಭವ ಬೇಡ, ಜಿಆರ್‌ಇ ಪ್ರವೇಶ ಪರೀಕ್ಷೆ ಬೇಡ, ಸಲಹೆ ಉಚಿತ. ಉಚಿತದ ಗುಟ್ಟು ತಿಪಟೂರಿನಲ್ಲಿ ಕೊಬ್ಬರಿ ಮಾರಿದವರಿಗೆ ಬೇಗ ಅರ್ಥವಾಗುತ್ತದೆ. ಹುಡುಗ ಸೇರಿದ ಮೇಲೆ ಆ ಕಡೆಯ ಹಲವು ವಿಶ್ವವಿದ್ಯಾಲಯಗಳು ಅವನು ಕಟ್ಟಿದ ಫೀಸಿನಲ್ಲೇ ಏಜೆಂಟರಿಗೆ ಕಮಿಷನ್ ಕೊಡುತ್ತವೆ. "ಎರಡು ವರ್ಷ ಬಿಟ್ಟು ಬರ್ತೀನಿ ಸಾರ್" ಅಂದರೆ ದಲ್ಲಾಳಿಯೂ ಎರಡು ವರ್ಷ ಕಾಯಬೇಕು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನವು ಬೋಧನಾ ಶುಲ್ಕವನ್ನೇ ಪಡೆಯುವುದಿಲ್ಲ, ಇನ್ನು ಕಮಿಷನ್ ಎಲ್ಲಿಂದ? ಹಾಗಾಗಿ ಜರ್ಮನಿ ಎಂದ ಕೂಡಲೇ ಮೇಜಿನ ಆಚೆಯಿಂದ "ಅಲ್ಲಿ ಚಳಿ ಜಾಸ್ತಿ, ಭಾಷೆ ಬೇರೆ" ಎಂಬ ಕಳಕಳಿ ಹೊರಡುತ್ತದೆ.

ಮಧ್ಯಮಮಾರ್ಗಿಗಳೂ ಇದ್ದಾರೆ: "ಒಂದೇ ಒಂದು ವರ್ಷ ಕೆಲಸ ಮಾಡಿ ಹೋಗ್ಲಿ." ಕೇಳಲು ಹಿತವಾಗಿದೆ, ಲೆಕ್ಕ ಹಾಕಿದರೆ ಕರಗುತ್ತದೆ. 2026ರ ಜೂನಿನಲ್ಲಿ ಪರೀಕ್ಷೆ ಮುಗಿಸಿದವನು ಆಗಸ್ಟಿನಲ್ಲಿ ಕೆಲಸಕ್ಕೆ ಸೇರಿದ ಅನ್ನಿ. 2027ರ ಆಗಸ್ಟಿನಲ್ಲಿ ಶುರುವಾಗುವ ಅಮೆರಿಕದ ಕೋರ್ಸುಗಳಿಗೆ ಅರ್ಜಿಯ ಕಡೇ ದಿನ ಬಹುಪಾಲು 2026ರ ಡಿಸೆಂಬರ್ ಅಥವಾ 2027ರ ಜನವರಿ. ಅಂದರೆ ಅರ್ಜಿ ಹಾಕುವ ದಿನ ಕೈಯಲ್ಲಿರುವುದು ನಾಲ್ಕು ತಿಂಗಳು. ಅದರಲ್ಲಿ ಮೂರು ಟ್ರೈನಿಂಗ್, ಒಂದು ಪ್ರಾಜೆಕ್ಟಿಲ್ಲದೆ ಕೂರುವ ಬೆಂಚು. ಪ್ರೊಬೇಷನ್ ಆರು ತಿಂಗಳಿದ್ದರೆ, ಇನ್ನೂ ಕೆಲಸವನ್ನೇ ಖಾಯಂ ಮಾಡದ ಮ್ಯಾನೇಜರು "ಇಂಥ ಪ್ರತಿಭೆ ಅಪರೂಪ" ಎಂದು ಪತ್ರ ಕೊಡಬೇಕು. ಅರ್ಜಿಯಲ್ಲಿ ಎರಡು ವರ್ಷ ಕಾಣಬೇಕೆಂದರೆ ವಿಮಾನ ಹತ್ತುವುದು ಮೂರನೇ ವರ್ಷದ ಮಾತು.

ಇನ್ನೊಂದು ಜಾಣ ಸಲಹೆ, "ಏಳನೇ ಸೆಮಿಸ್ಟರಿನಲ್ಲೇ ಎಲ್ಲ ಪರೀಕ್ಷೆ ಬರೆದು ಬಿಸಾಕು." ಜಿಆರ್‌ಇ ಅಂಕಕ್ಕೆ ಐದು ವರ್ಷ ಆಯಸ್ಸು, ಇಂಗ್ಲಿಷ್ ಪರೀಕ್ಷೆಗಳಾದ ಐಇಎಲ್‌ಟಿಎಸ್ ಮತ್ತು ಟೋಫೆಲ್‌ಗೆ ಎರಡೇ. 2025ರ ನವೆಂಬರಿನಲ್ಲಿ ಬರೆದ ಐಇಎಲ್‌ಟಿಎಸ್ 2027ರ ನವೆಂಬರಿಗೆ ತೀರಿಕೊಳ್ಳುತ್ತದೆ, ಡಿಸೆಂಬರಿನ ಅರ್ಜಿಗೆ ಸರಿಯಾಗಿ ಒಂದು ತಿಂಗಳು ಮೊದಲು. ಕೆಲಸ ಮಾಡಿ ಹೋಗುವವರು ಗಣಿತ ನೆನಪಿರುವಾಗ ಜಿಆರ್‌ಇ ಮುಗಿಸಿಕೊಂಡು, ಇಂಗ್ಲಿಷ್ ಪರೀಕ್ಷೆಯನ್ನು ಅರ್ಜಿ ಹಾಕುವ ವರ್ಷಕ್ಕೆ ಇಟ್ಟುಕೊಳ್ಳುವುದು ವಾಸಿ.

ಶಿಫಾರಸು ಪತ್ರದ್ದು ಬೇರೆಯೇ ಪುರಾಣ. ಬಹಳ ಕಡೆ ಮೂರು ಕೇಳುತ್ತಾರೆ. ಕಾಲೇಜಿನ ಕಾರಿಡಾರಿನಲ್ಲಿ ಮೇಡಂ "ನೀನೇ ಬರ್ಕೊಂಡ್ ಬಾರಪ್ಪ, ಸೈನ್ ಹಾಕ್ತೀನಿ" ಎನ್ನುತ್ತಾರೆ. ಎಚ್‌ಒಡಿಯದೂ ಅದೇ ಮಾತು, ಪ್ರಾಜೆಕ್ಟ್ ಗೈಡಿನದೂ ಅದೇ. ಹುಡುಗ ಒಂದೇ ರಾತ್ರಿ, ಒಂದೇ ಲ್ಯಾಪ್‌ಟಾಪಿನಲ್ಲಿ, ಒಂದೇ ಅಕ್ಷರಶೈಲಿಯಲ್ಲಿ ಮೂರು ಮಹನೀಯರಾಗಿ ಕೂತು ತನ್ನನ್ನು ತಾನೇ ಹೊಗಳುತ್ತಾನೆ. ಮೂರರಲ್ಲೂ ಅವನು ತರಗತಿಯ ಮೊದಲ ಐದು ಶೇಕಡಾದಲ್ಲಿದ್ದಾನೆ, ಮೂರರಲ್ಲೂ ಎರಡನೇ ಪ್ಯಾರಾ "ಇದಲ್ಲದೆ" ಎಂದೇ ಶುರು. ಆಮೇಲೆ ಆನ್‌ಲೈನ್ ಅರ್ಜಿಯಲ್ಲಿ ಶಿಫಾರಸು ಮಾಡುವವರ ಸಂಸ್ಥೆಯ ಮಿಂಚಂಚೆ ವಿಳಾಸ ಕೇಳುತ್ತಾರೆ. ಸರ್ ಹತ್ತಿರ ಇರುವುದು ಜಿಮೇಲ್, ಅದರ ಪಾಸ್‌ವರ್ಡ್ ಇರುವುದು ಮಗಳ ಹತ್ತಿರ. ಎರಡು ವರ್ಷ ಬಿಟ್ಟು ಹೋದರೆ ಸರ್ ಬೇರೆ ಕಾಲೇಜಿಗೆ ಹೋಗಿರುತ್ತಾರೆ, ಇದ್ದರೂ "ಯಾವ ಬ್ಯಾಚಪ್ಪ ನೀನು?" ಎನ್ನುತ್ತಾರೆ. ಕೆಲಸಕ್ಕೆ ಸೇರುವವರು ಕಾಲೇಜು ಬಿಡುವ ವಾರವೇ ಈ ಮೂವರನ್ನು ಹಿಡಿದು, ವಿಳಾಸ ಖಚಿತ ಮಾಡಿಕೊಂಡು, ವಿಟಿಯು ಅಂಕಪಟ್ಟಿಗಳ ಜೊತೆ, ವಿಶ್ವವಿದ್ಯಾಲಯವೇ ದೃಢೀಕರಿಸಿ ಕೊಡುವ ಅಂಕಗಳ ದಾಖಲೆಯಾದ ಟ್ರಾನ್ಸ್‌ಕ್ರಿಪ್ಟಿಗೂ ಓಡಾಡಿ ಮುಗಿಸಬೇಕು. ಯಾರೂ ಮಾಡುವುದಿಲ್ಲ, ಫೇರ್‌ವೆಲ್ ಫೋಟೊ ಇರುತ್ತದಲ್ಲ.

ಕೆಲಸ ಸಿಕ್ಕಿತು, ಸೀಟೂ ಸಿಕ್ಕಿತು. ಈಗ ಕಂಪನಿಯ ನೋಟಿಸ್ ಪೀರಿಯಡ್ 90 ದಿನ. ವೀಸಾ ಕೈಗೆ ಬರದೆ ರಾಜೀನಾಮೆ ಕೊಡಲು ಧೈರ್ಯವಿಲ್ಲ. ವೀಸಾ ಬರುವುದು ಜುಲೈನಲ್ಲಿ, ಕ್ಲಾಸು ಆಗಸ್ಟಿನಲ್ಲಿ, ಬಿಡುಗಡೆ ಅಕ್ಟೋಬರಿನಲ್ಲಿ. ಒಂದೋ ಉಳಿದ ದಿನಗಳ ಸಂಬಳ ಕಟ್ಟಿ ಹೊರಡಬೇಕು, ಇಲ್ಲವೇ ರಿಲೀವಿಂಗ್ ಲೆಟರ್ ಬಿಟ್ಟು. ಯಾವ ಅನುಭವಕ್ಕಾಗಿ ಎರಡು ವರ್ಷ ನಿಂತನೋ ಅದರ ಕಾಗದವೇ ಇಲ್ಲ! ಅತ್ತ ಅಮೆರಿಕದಲ್ಲಿ ಓದು ಮುಗಿದ ಮೇಲೆ ಕೆಲಸ ಮಾಡಲು ಸಿಗುವ ಹನ್ನೆರಡು ತಿಂಗಳ ಪರವಾನಗಿಯಾದ ಒಪಿಟಿಯಲ್ಲೂ ಕೆಲಸವಿಲ್ಲದೆ ಒಟ್ಟು 90 ದಿನ ಮೀರುವಂತಿಲ್ಲ. ಇಲ್ಲಿ ಬಿಡಲು 90, ಅಲ್ಲಿ ಹಿಡಿಯಲು 90. ನಿಜ ಹೇಳಬೇಕೆಂದರೆ ಅನುಭವ ಹೆಚ್ಚು ಬೆಲೆಗೆ ಹೋಗುವುದು ಆ ಎರಡನೇ 90ರಲ್ಲಿ, ಸೀಟು ಕೇಳುವಾಗ ಅಲ್ಲ. ಮಂಟಪದಲ್ಲಿ ಇದನ್ನು ಯಾರೂ ಎತ್ತುವುದಿಲ್ಲ.

"ದುಡಿದು ದುಡ್ಡು ಕೂಡಿಟ್ಟು ಹೋಗ್ಲಿ" ಎನ್ನುವವರಿಗೆ ಒಂದು ಲೆಕ್ಕ. ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ 2024ರ ಸೆಪ್ಟೆಂಬರಿನಿಂದ, ಅಲ್ಲಿನ ಖರ್ಚಿಗೆಂದು ಮೊದಲೇ ಹಣ ಕಟ್ಟಿಡುವ ಬ್ಲಾಕ್ಡ್ ಅಕೌಂಟಿನಲ್ಲಿ ತೋರಿಸಬೇಕಾದದ್ದು 11,904 ಯೂರೊ. ಯೂರೊಗೆ ನೂರು ರೂಪಾಯಿ ಹಿಡಿದರೂ ಹನ್ನೆರಡು ಲಕ್ಷದ ಹತ್ತಿರ. ಪಿಜಿ ಬಾಡಿಗೆ, ಊಟ, ವಾರಕ್ಕೊಮ್ಮೆ ಊರಿನ ಬಸ್ಸು ಕಳೆದು ತಿಂಗಳಿಗೆ ಎಂಟು ಸಾವಿರ ಉಳಿಸುವ ಹುಡುಗನಿಗೆ ಇದು ಹನ್ನೆರಡು ವರ್ಷದ ತಪಸ್ಸು.

ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಬ್ಯಾಂಕಿನ ಮೇಜಿಗೆ. ಏಳೂವರೆ ಲಕ್ಷ ದಾಟಿದರೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುತ್ತವೆ. ಗುಬ್ಬಿಯ ಅಡಿಕೆ ತೋಟದ ಪಹಣಿ ತೋರಿಸಿದರೆ ಕೃಷಿ ಜಮೀನು ಬೇಡ ಎನ್ನುತ್ತಾರೆ; ಸೈಟಿನ ಕಾಗದ ಕೊಟ್ಟರೆ ಇ-ಖಾತೆ, ಇಸಿ ತನ್ನಿ ಎನ್ನುತ್ತಾರೆ. ಮಗನ ಅನುಭವದ ವಿಷಯವನ್ನು ಅಧಿಕಾರಿ ಕೇಳುವುದೇ ಇಲ್ಲ. ಫೈಲು ಮಗುಚುತ್ತಾ ಸಹ-ಸಾಲಗಾರನ ಕಡೆ ತಿರುಗುತ್ತಾರೆ.

"ನಿಮ್ದು ಸರ್ವಿಸ್ ಇನ್ನೆಷ್ಟಿದೆ ಸಾರ್?"

"ಎರಡು ವರ್ಷ" ಎನ್ನುತ್ತಾರೆ ಅಪ್ಪ.